ನನ್ನ ಮಗಳ ಸಕ್ಕರೆ ಬೇಕರಿಯವನಿಗೆ ಗೊತ್ತು, ನನಗೆ ಗೊತ್ತಿಲ್ಲ

ಮಾನ್ಯರೇ,

ನನ್ನ ಹದಿನೈದು ವರ್ಷದ ಮಗಳ ರಕ್ತದಲ್ಲಿ ಈ ಕ್ಷಣ ಸಕ್ಕರೆ ಎಷ್ಟಿದೆ ಎಂಬುದು ಆಲುವ ರೈಲು ನಿಲ್ದಾಣದ ಹತ್ತಿರದ ಬೇಕರಿಯವನೊಬ್ಬನಿಗೆ ಗೊತ್ತಿದೆ. ಅವಳ ತಂದೆಯಾದ ನನಗೆ ಗೊತ್ತಿಲ್ಲ. ಇದು ಆಕಸ್ಮಿಕವಲ್ಲ, ತಾಂತ್ರಿಕ ದೋಷವೂ ಅಲ್ಲ. ಮಧುಮೇಹದ ಮಕ್ಕಳ ಸರ್ಕಾರಿ ಯೋಜನೆ ನಡೆಸುವ ತಮ್ಮ ಕಚೇರಿ ಕೂತು ಯೋಚಿಸಿ, ಸುತ್ತೋಲೆ ಹೊರಡಿಸಿ, ಆ್ಯಪಿನ ಹೊಸ ಆವೃತ್ತಿಯಲ್ಲಿ ಸೇರಿಸಿದ ವ್ಯವಸ್ಥೆ. ಜೂನ್ ತಿಂಗಳ ಎರಡನೇ ಸೋಮವಾರ ಊಟದ ಹೊತ್ತಿಗೆ ನನ್ನ ಫೋನಿನಲ್ಲಿ ಇಂಗ್ಲಿಷಿನ ಒಂದು ಸಾಲು ಕಾದಿತ್ತು: ಈ ಮಾಹಿತಿ ಇನ್ನು ಮುಂದೆ ತಮಗೆ ಕಾಣಿಸುವುದಿಲ್ಲ, ಇಲ್ಲಿಯವರೆಗಿನ ಸಹಕಾರಕ್ಕೆ ಧನ್ಯವಾದಗಳು. ಸ್ವಂತ ಮಗಳ ವಿಷಯದಲ್ಲಿ ನಾನು ಇಷ್ಟು ದಿನ ಸಹಕರಿಸುತ್ತಿದ್ದೆ ಎಂದು ತಮ್ಮಿಂದ ತಿಳಿದು ಸಂತೋಷವಾಯಿತು.

ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕ್ಷಮೆ ಕೇಳುವುದಿಲ್ಲ. ಇಂಗ್ಲಿಷಿನಲ್ಲಿ ಮೂರು ಇಮೇಲ್ ಬರೆದೆ. ಮೂರಕ್ಕೂ ಒಂದೇ ಉತ್ತರ, ಅದೂ ಒಂದೇ ನಿಮಿಷಕ್ಕೆ ಬಂತು. ಅಂದರೆ ಯಂತ್ರ ಬರೆದದ್ದು. ತಿರುವನಂತಪುರಕ್ಕೆ ಬಂದು ಹತ್ತೊಂಬತ್ತು ವರ್ಷವಾಯಿತು. ಚಾಲೈ ಮಾರುಕಟ್ಟೆಯಲ್ಲಿ ತರಕಾರಿ ಕೊಳ್ಳುವಷ್ಟು, ಆಟೋದವರ ಜೊತೆ ನಗುತ್ತಾ ಮಾತಾಡುವಷ್ಟು ಮಲಯಾಳ ಬರುತ್ತದೆ. ಕೋಪ ಬಂದರೆ ಮಾತ್ರ ತುಮಕೂರಿನ ಕನ್ನಡವೇ ಬಾಯಿಗೆ ಬರುವುದು. ಹಾಗಾಗಿ ಇಲ್ಲಿನ ಕನ್ನಡ ಸಂಘದ ಪತ್ರಿಕೆಗೆ ಇದನ್ನು ಕೊಡುತ್ತಿದ್ದೇನೆ. ತಮ್ಮ ಕಚೇರಿಯಲ್ಲಿ ಕಾಸರಗೋಡು ಕಡೆಯವರು ಒಬ್ಬರಾದರೂ ಇದ್ದೇ ಇರುತ್ತಾರೆ, ಅವರಿಂದ ಓದಿಸಿಕೊಳ್ಳಿ. ಇನ್ನೊಂದು ಕಾರಣವನ್ನೂ ಮುಚ್ಚಿಡುವುದಿಲ್ಲ: ನನ್ನ ಮಗಳಿಗೆ ಕನ್ನಡ ಓದಲು ಬರುವುದಿಲ್ಲ. ಅವಳಿಗೆ ಗೊತ್ತಾಗದ ಲಿಪಿಯಲ್ಲಿ ಬರೆಯುವಾಗ ನನಗೆ ಸ್ವಲ್ಪ ಧೈರ್ಯ. ಹಾಗಿದ್ದರೂ ಎಲ್ಲರ ಹೆಸರನ್ನೂ, ನನ್ನದನ್ನೂ, ಬದಲಿಸಬೇಕೆಂದು ಹೆಂಡತಿಯ ಕಟ್ಟಪ್ಪಣೆಯಾಗಿದೆ, ಬದಲಿಸಿದ್ದೇನೆ. ನಿಜವಾದವು ತಮಗೆ ಕಳಿಸಿದ ಇಮೇಲುಗಳಲ್ಲಿವೆ.

ಮಗಳನ್ನು ಪಾವನಾ ಎನ್ನೋಣ. ಹನ್ನೊಂದನೇ ವಯಸ್ಸಿನಲ್ಲಿ ಅವಳಿಗೆ ಒಂದನೇ ಬಗೆಯ ಮಧುಮೇಹ ಎಂದು ಗೊತ್ತಾಯಿತು. ನಮ್ಮ ವಯಸ್ಸಿನವರಿಗೆ ಬರುವ, ವಾಕಿಂಗ್ ಮಾಡಿದರೆ ಹತೋಟಿಗೆ ಬರುವ ಸಕ್ಕರೆ ಕಾಯಿಲೆ ಇದಲ್ಲ ಎಂದು ತಮಗೆ ನಾನು ಹೇಳಬೇಕಿಲ್ಲ, ಓದುಗರಿಗೆ ಹೇಳಬೇಕು. ಈ ಮಕ್ಕಳ ದೇಹ ಇನ್ಸುಲಿನ್ ತಯಾರಿಸುವುದನ್ನೇ ನಿಲ್ಲಿಸಿಬಿಟ್ಟಿರುತ್ತದೆ. ದಿನಕ್ಕೆ ನಾಲ್ಕು ಸಲ ಚುಚ್ಚಿಕೊಳ್ಳಬೇಕು, ತಿನ್ನುವುದನ್ನೆಲ್ಲ ಅಂದಾಜು ಮಾಡಬೇಕು. ಇನ್ಸುಲಿನ್ ಕಡಿಮೆಯಾದರೆ ಸಕ್ಕರೆ ಏರುತ್ತದೆ, ಹೆಚ್ಚಾದರೆ ಕುಸಿಯುತ್ತದೆ. ಕುಸಿದಾಗ ತಕ್ಷಣ ಸಿಹಿ ಕುಡಿಯದಿದ್ದರೆ ಪ್ರಜ್ಞೆ ತಪ್ಪಬಹುದು. ಇದಕ್ಕೆ ರಜೆ ಇಲ್ಲ, ಓಣಂ ಇಲ್ಲ, ಪರೀಕ್ಷೆಯ ವಿನಾಯಿತಿ ಇಲ್ಲ.

ಮೊದಲ ಎರಡು ವರ್ಷ ನಾವು ಮೂವರೂ ತಿರುವನಂತಪುರದಲ್ಲೇ ಇದ್ದೆವು. ಬೆರಳು ಚುಚ್ಚುವುದು ನನ್ನ ಕೆಲಸವಾಗಿತ್ತು. ಅವಳಮ್ಮ ನಿರ್ಮಲಾ ಬ್ಯಾಂಕಿನಲ್ಲಿ ದೊಡ್ಡ ದೊಡ್ಡವರನ್ನು ಗದರಿಸುವವಳು, ಆದರೆ ಮಗಳ ಬೆರಳಿನ ತುದಿಯಲ್ಲಿ ಒಂದು ಹನಿ ರಕ್ತ ಕಂಡರೆ ಮುಖ ತಿರುಗಿಸುತ್ತಿದ್ದಳು. ಹಾಗಾಗಿ ಬೆಳಿಗ್ಗೆ ಆರಕ್ಕೆ ಪಾವನಾ ಹಾಸಿಗೆಯಿಂದಲೇ ಕೈ ಚಾಚುತ್ತಿದ್ದಳು. ಇವತ್ತು ಯಾವ ಬೆರಳಿನ ಸರದಿ ಎಂಬುದು ನಮ್ಮಿಬ್ಬರಿಗೆ ಮಾತ್ರ ಗೊತ್ತು. ಯಂತ್ರದಲ್ಲಿ ಅಂಕಿ ಬಂದ ಕೂಡಲೇ ಅರೆಗಣ್ಣು ತೆರೆದು, "ನೂರ ಹದಿನೆಂಟು ಅಪ್ಪಾ" ಎಂದು ಕನ್ನಡದಲ್ಲಿ ಓದಿ ಮತ್ತೆ ಮಲಗುತ್ತಿದ್ದಳು. ದಿನವಿಡೀ ಅವಳು ಕನ್ನಡದಲ್ಲಿ ಆಡುತ್ತಿದ್ದುದು ಆ ಅಂಕಿಗಳನ್ನು ಮಾತ್ರ. ಕಾಯಿಲೆಯ ಮಗುವಿನ ಮನೆಯಲ್ಲಿ ಸುಖವಿತ್ತು ಎಂದರೆ ಜನ ಏನಂದುಕೊಳ್ಳುತ್ತಾರೋ ಗೊತ್ತಿಲ್ಲ, ನನಗಂತೂ ಆ ಹೊತ್ತು ಸುಖದ್ದಾಗಿತ್ತು.

ಆಮೇಲೆ ತಮ್ಮ ಯೋಜನೆ ಬಂತು. ಹದಿಹರೆಯದ ಮಕ್ಕಳ ತೋಳಿಗೆ ನಾಣ್ಯದಗಲದ ಸೆನ್ಸರ್. ಐದು ನಿಮಿಷಕ್ಕೊಮ್ಮೆ ಅದು ಸಕ್ಕರೆ ಅಳೆದು ಫೋನಿಗೆ ಕಳಿಸುತ್ತದೆ. ಆ ಫೋನಿನಲ್ಲಿ ತಮ್ಮ 'ಕೂಟ್ಟ್' ಎಂಬ ಆ್ಯಪ್. ಮಲಯಾಳದಲ್ಲಿ ಜೊತೆ, ಸಂಗಾತ ಎಂದರ್ಥ. ಮಗುವಿನ ಅಂಕಿಯನ್ನು ಇಬ್ಬರು ಜೊತೆಗಾರರು ತಮ್ಮ ತಮ್ಮ ಫೋನಿನಲ್ಲಿ ನೋಡಬಹುದು, ಕುಸಿದರೆ ಅವರಿಗೂ ಗಂಟೆ ಬಾರಿಸುತ್ತದೆ. ಬೆರಳು ಚುಚ್ಚುವುದು ನಿಂತಿತು. ಮಕ್ಕಳಿಗೆ ನೋವು ತಪ್ಪಿತು ಎಂದು ಎಲ್ಲರೂ ತಮ್ಮನ್ನು ಹೊಗಳಿದರು, ನಾನೂ ಹೊಗಳಿದೆ. ಆದರೆ ಸಭ್ಯತೆ ಬದಿಗಿಟ್ಟು ಹೇಳುವುದಾದರೆ, ತಮ್ಮ ಸೆನ್ಸರಿನ ಮೇಲೆ ಮೊದಲ ದಿನದಿಂದಲೇ ನನಗೆ ಹೊಟ್ಟೆಕಿಚ್ಚು. ನಾನು ದಿನಕ್ಕೆ ಆರು ಸಲ ಹಿಡಿಯುತ್ತಿದ್ದ ಕೈಯನ್ನು ಅದು ಇಪ್ಪತ್ತನಾಲ್ಕು ಗಂಟೆಯೂ ಹಿಡಿದುಕೊಂಡು ಕೂತಿತ್ತು.

ಅದೇ ವರ್ಷ ನಿರ್ಮಲಾಳಿಗೆ ಬಡ್ತಿಯಾಗಿ ಎರ್ನಾಕುಲಕ್ಕೆ ವರ್ಗವಾಯಿತು. ಅಮ್ಮ ಮಗಳು ಆಲುವದಲ್ಲಿ ಮನೆ ಮಾಡಿದರು. ಅಲ್ಲಿಂದ ಇಬ್ಬರಿಗೂ ಮೆಟ್ರೋ ಅನುಕೂಲ. ನಾನು ತಿರುವನಂತಪುರದಲ್ಲೇ ಉಳಿದೆ. ಶುಕ್ರವಾರ ಸಂಜೆಯ ರೈಲಿಗೆ ಹೋಗುವುದು, ಸೋಮವಾರ ನಸುಕಿನ ರೈಲಿಗೆ ವಾಪಸು. ಉಳಿದ ದಿನಗಳಲ್ಲಿ ನನ್ನ ಪಾಲಿಗೆ ಮಗಳೆಂದರೆ ತಮ್ಮ ಆ್ಯಪಿನ ಒಂದು ಅಂಕಿ ಮತ್ತು ಅದರ ಪಕ್ಕದಲ್ಲಿ ಏರಿಕೆ ಇಳಿಕೆ ತೋರಿಸುವ ಒಂದು ಬಾಣ. ನಾನಿರುವುದು ಬಾಹ್ಯಾಕಾಶಕ್ಕೆ ಸಂಬಂಧಿಸಿದ ಒಂದು ಕೇಂದ್ರ ಸಂಸ್ಥೆಯ ಗುಣಮಟ್ಟ ವಿಭಾಗದಲ್ಲಿ. ನಮ್ಮ ಕಟ್ಟಡದೊಳಗೆ ಫೋನ್ ಒಯ್ಯುವಂತಿಲ್ಲ, ಬಾಗಿಲಲ್ಲಿ ಲಾಕರಿನಲ್ಲಿಡಬೇಕು. ಗಂಟೆಗೊಮ್ಮೆ ಮೂರು ಮಹಡಿ ಇಳಿದು, ಲಾಕರ್ ತೆಗೆದು, ಅಂಕಿ ನೋಡಿ, ಮತ್ತೆ ಮೂರು ಮಹಡಿ ಹತ್ತುತ್ತಿದ್ದೆ. ಮಗಳ ಕಾಯಿಲೆಯಿಂದ ನನ್ನ ಬಿಪಿ ಸರಿಯಾಯಿತು ಎಂದು ಡಾಕ್ಟರೇ ತಮಾಷೆ ಮಾಡಿದರು.

ಈಗ ತಮ್ಮ ಸುತ್ತೋಲೆಗೆ ಬರುತ್ತೇನೆ. ಮಗುವಿಗೆ ಹದಿನೈದು ತುಂಬಿದ ಮೇಲೆ ಜೊತೆಗಾರರನ್ನು ಆರಿಸುವ ಹಕ್ಕು ಮಗುವಿನದು, ತಂದೆ ತಾಯಿ ತಾವಾಗಿಯೇ ಆ ಪಟ್ಟಿಯಲ್ಲಿ ಇರತಕ್ಕದ್ದಲ್ಲ ಎಂದು ತಾವು ಬರೆದಿದ್ದೀರಿ. ಎಂಥ ಉದಾರ ಮನಸ್ಸು! ಈ ಹುಡುಗಿ ಮತ ಹಾಕುವಂತಿಲ್ಲ, ಗಾಡಿ ಓಡಿಸುವಂತಿಲ್ಲ, ಶಾಲೆಯಿಂದ ಮೂನ್ನಾರಿಗೆ ಪ್ರವಾಸ ಹೋಗಬೇಕಾದರೆ ಅಪ್ಪನ ಸಹಿ ಬೇಕು. ಅಪ್ಪನನ್ನೇ ತೆಗೆದುಹಾಕಲು ಮಾತ್ರ ಯಾರ ಸಹಿಯೂ ಬೇಡವೇ? ಮೇ ತಿಂಗಳಲ್ಲಿ ಅವಳಿಗೆ ಹದಿನೈದು ತುಂಬಿತು. ಜೂನಿನಲ್ಲಿ ಆ್ಯಪ್ ಅವಳೊಬ್ಬಳನ್ನೇ ಕೇಳಿತು: ನಿನ್ನ ಜೊತೆಗೆ ಯಾರಿರಬೇಕು? ಅವಳು ಎರಡು ಹೆಸರು ಕೊಟ್ಟಳು. ಒಂದು ಅಮ್ಮ. ಇನ್ನೊಂದು ಹಂಸಾ.

ತಮ್ಮ ಸಹಾಯವಾಣಿಗೆ ಫೋನ್ ಮಾಡಿದೆ. ಆ ಹೆಣ್ಣುಮಗಳು ಬಹಳ ಸೌಜನ್ಯದಿಂದ ಮಾತಾಡಿದಳು. ನನ್ನನ್ನು ಮತ್ತೆ ಸೇರಿಸಲು ಯಾವ ಫಾರಂ ತುಂಬಬೇಕು, ಯಾರ ಶಿಫಾರಸು ಬೇಕು ಎಂದು ಕೇಳಿದೆ. ಫಾರಂ ಏನೂ ಇಲ್ಲವಂತೆ. "ಸಾರೇ, ಮೋಳ್ ವಿಚಾರಿಚ್ಚಾಲ್ ಮತಿ" ಎಂದಳು. ಮಗಳು ಮನಸ್ಸು ಮಾಡಿದರೆ ಸಾಕು, ಒಂದೇ ಗುಂಡಿ ಒತ್ತಬೇಕು, ಅರ್ಧ ನಿಮಿಷದ ಕೆಲಸ ಎಂದಳು. ಸರ್ಕಾರಿ ಕಚೇರಿಯಲ್ಲಿ ಕೆಲಸ ಇಷ್ಟು ಸುಲಭ ಎಂದು ಕೇಳಿ ಯಾರಿಗಾದರೂ ದುಃಖವಾದದ್ದುಂಟೇ? ನನಗಾಯಿತು. ಒಂದು ಅಡ್ಡಿ, ಒಂದು ನಿಯಮ, ಒಬ್ಬ ಮೊಂಡು ಗುಮಾಸ್ತ ಇದ್ದಿದ್ದರೆ ಅವನ ಮೇಲೆ ಹರಿಹಾಯಬಹುದಿತ್ತು.

ನನ್ನ ಸಹೋದ್ಯೋಗಿ ವಿಶ್ವಾಸ್ ಹಾಸನದವನು. ಅವನ ಮಗ ಶ್ರೇಯಸ್‌ಗೂ ಇದೇ ಕಾಯಿಲೆ, ಇದೇ ಸೆನ್ಸರ್, ಇದೇ ಆ್ಯಪ್. ಶ್ರೇಯಸ್‌ಗೆ ಹದಿನಾರು. ಅವನು ಆರಿಸಿಕೊಂಡ ಮೊದಲ ಹೆಸರೇ ಅಪ್ಪನದು. ನಮ್ಮ ಕ್ಯಾಂಟೀನು ಕಟ್ಟಡದ ಹೊರಗಿದೆ, ಅಲ್ಲಿ ಫೋನ್ ತರಬಹುದು. ವಿಶ್ವಾಸ್ ದೋಸೆ ಮುರಿಯುತ್ತಾ ಫೋನನ್ನು ಸಾಂಬಾರಿನ ಬಟ್ಟಲಿಗೆ ಒರಗಿಸಿ ಇಟ್ಟುಕೊಂಡು, "ನೂರ ನಾಲ್ಕು ನೋಡಯ್ಯ, ಬಾಣ ಏರಿಲ್ಲ ಇಳಿದಿಲ್ಲ" ಎಂದು ಕ್ರಿಕೆಟ್ ಸ್ಕೋರು ಹೇಳಿದಂತೆ ಹೇಳುತ್ತಾನೆ. ಒಳ್ಳೆಯ ಮನುಷ್ಯ, ನನ್ನನ್ನು ಬೇಕೆಂದು ನೋಯಿಸುವವನಲ್ಲ. ಒಂದು ದಿನ, "ನಿನ್ನ ಮಗಳದ್ದು ಎಷ್ಟಿದೆ ಈಗ?" ಎಂದು ಕೇಳಿದ. "ನೂರ ಹತ್ತು" ಎಂದೆ. ಮಾನ್ಯರೇ, ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಅಳೆಯದ ಅಂಕಿಯನ್ನು ನಾನು ಹೇಳಿದ್ದು ಅದೊಂದೇ ಸಲ. ಅಂದಿನಿಂದ ಕ್ಯಾಂಟೀನಿಗೆ ಹೋಗುವ ವೇಳೆಯನ್ನೇ ಬದಲಿಸಿದ್ದೇನೆ.

ಹಂಸಾ ಯಾರು ಎಂದು ಹೇಳಬೇಕು. ಪಾವನಾಳ ಸಹಪಾಠಿಯೊಬ್ಬಳ ತಂದೆ, ಐವತ್ತರ ಆಸುಪಾಸಿನವನು. ಹುಡುಗಿಯರಿಬ್ಬರೂ ಶಾಲೆ ಬಿಟ್ಟು ಮೆಟ್ರೋ ಇಳಿದು ಅವನ ಬೇಕರಿಯಲ್ಲಿ ಅರ್ಧ ಗಂಟೆ ಕೂತು ಹೋಗುತ್ತಾರೆ. ಗಾಜಿನ ಪೆಟ್ಟಿಗೆಯ ತುಂಬ ಹಲ್ವ, ಪಫ್ಸು, ಲಡ್ಡು, ಬಾಳೆಹಣ್ಣು ಕರಿದ ಪಳಂಪೊರಿ. ಮಧುಮೇಹದ ಹುಡುಗಿಗೆ ಜೊತೆಗಾರನಾಗಿ ಇಡೀ ಕೇರಳದಲ್ಲಿ ಹಲ್ವ ಮಾರುವವನೇ ಸಿಗಬೇಕಿತ್ತೇ? ತಮ್ಮ ಆ್ಯಪ್ ಅವನ ವೃತ್ತಿಯನ್ನಾದರೂ ಕೇಳಿತೇ? ಜುಲೈ ತಿಂಗಳ ಒಂದು ಶುಕ್ರವಾರ ಒಂದು ದಿನ ರಜೆ ಹಾಕಿ, ಯಾರಿಗೂ ಹೇಳದೆ, ಮೂರೂವರೆಗೇ ಆಲುವ ತಲುಪಿ ನೇರ ಅವನ ಅಂಗಡಿಗೆ ಹೋದೆ. ಜಗಳ ಆಡುವುದಕ್ಕೇ ಹೋದದ್ದು. ರೈಲಿನಲ್ಲಿ ಕೊಲ್ಲಂ ದಾಟಿದ ಮೇಲೆ ಮಾತುಗಳನ್ನೂ ಜೋಡಿಸಿಕೊಂಡಿದ್ದೆ.

ಚಹಾ ಹೇಳಿ ಕೂತೆ. ಅವನು ನನ್ನ ಮುಖ ನೋಡಿ, ಕೈ ಒರೆಸಿಕೊಂಡು ಬಂದು, ಕನ್ನಡದಲ್ಲಿ ಮಾತಾಡಿದ. "ಪಾವನಾ ಅಪ್ಪ ಅಲ್ವಾ ಸಾರ್? ಮೂಗು ನೋಡಿದ್ರೆ ಗೊತ್ತಾಗುತ್ತೆ. ನಾನು ಶಿವಾಜಿನಗರದಲ್ಲಿ ಎಂಟು ವರ್ಷ ಬೇಕರೀಲಿ ಇದ್ದೆ ಸಾರ್. ಕನ್ನಡ ಮರ್ತೇ ಹೋಗಿತ್ತು, ನಿಮ್ಮ ಮಗಳೇ ಈಗ ಸರಿ ಮಾಡ್ತಾ ಇದೆ."

ನನ್ನ ಮಗಳು ಇವನ ಕನ್ನಡ ತಿದ್ದುತ್ತಾಳೆ! ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಉತ್ತರ ಕೊಡುವ ಹುಡುಗಿ. ಕನ್ನಡ ಪುಸ್ತಕ ತಂದುಕೊಟ್ಟರೆ ಚಿತ್ರ ನೋಡಿ ಮಡಚಿಡುವ ಹುಡುಗಿ. ನನಗೆ ಮೈಯೆಲ್ಲ ಉರಿಯಿತು. ಜೋಡಿಸಿಕೊಂಡ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

ಅವನ ಫೋನು ತಕ್ಕಡಿಯ ಪಕ್ಕದಲ್ಲಿತ್ತು. ಪರದೆ ಬೆಳಗುತ್ತಿತ್ತು, ಅದರಲ್ಲಿ ತಮ್ಮ ಆ್ಯಪ್. ನಾನು ಕೂತ ಕಡೆಯಿಂದ ಅಂಕಿ ತಲೆಕೆಳಗಾಗಿ ಕಾಣುತ್ತಿತ್ತು. ಚಹಾ ಲೋಟ ಎತ್ತುವ ನೆಪದಲ್ಲಿ ಕತ್ತು ಓರೆ ಮಾಡಿದೆ. ಐವತ್ತೊಂದು ವರ್ಷದ ನಾನು, ಉಡಾವಣೆಗೆ ಹೋಗುವ ಭಾಗಗಳಿಗೆ ಅಂತಿಮ ಸಹಿ ಹಾಕುವ ನಾನು, ಬೇಕರಿಯಲ್ಲಿ ಕತ್ತು ತಿರುಚಿ ಮಗಳ ಅಂಕಿಯನ್ನು ಕದ್ದು ಓದುತ್ತಿದ್ದೆ. ಮೊದಲನೆಯದು ಒಂದು, ಎರಡನೆಯದು ನಾಲ್ಕೋ ಏಳೋ. ಅಷ್ಟರಲ್ಲಿ ಹಂಸಾ ಮೆಲ್ಲಗೆ ಕೈ ಚಾಚಿ ಫೋನನ್ನು ಬೋರಲು ಹಾಕಿದ.

"ತಪ್ಪು ತಿಳ್ಕೋಬೇಡಿ ಸಾರ್" ಎಂದ. "ಅವಳು ಕೊಟ್ಟಿರೋದು ನನಗೆ. ಅವಳನ್ನ ಒಂದು ಮಾತು ಕೇಳಿ ತೋರಿಸ್ತೀನಿ. ಈಗ ಬರುತ್ತೆ."

ನಮ್ಮ ಸಂಸ್ಥೆಯಲ್ಲಿ ಗೋಪ್ಯತೆಯ ಕಾಗದಕ್ಕೆ ಸಹಿ ಹಾಕಿದ ನೂರಾರು ಜನರಿದ್ದಾರೆ. ಇಂಥ ನಿಷ್ಠೆ ಅವರಲ್ಲೂ ಕಾಣೆ. ಅವನ ಕೆನ್ನೆಗೆ ಬಾರಿಸಬೇಕೆನಿಸಿತು, ಜೊತೆಗೇ ಅವನ ಜಾಗದಲ್ಲಿ ನಾನಿರಬೇಕೆನಿಸಿತು. ಆಗಲೇ ಹುಡುಗಿಯರು ಬಂದರು. ಪಾವನಾ ಒಳಗೆ ಕಾಲಿಡುತ್ತಲೇ, "ಹಂಸಿಕ್ಕಾ, ಊಟ ಆಯ್ತಾ?" ಎಂದಳು. ಇಕ್ಕ ಎಂದರೆ ಇಲ್ಲಿನ ಮುಸ್ಲಿಮರಲ್ಲಿ ಅಣ್ಣ. ಎಷ್ಟು ಚೆಂದದ ಕನ್ನಡ! ನಮ್ಮಮ್ಮ ಕೇಳುತ್ತಿದ್ದ ರಾಗದಲ್ಲೇ ಕೇಳಿದಳು. ಆಮೇಲೆ ನನ್ನನ್ನು ನೋಡಿದಳು. ನಗು ಹಾಗೇ ನಿಂತಿತು. ಬಲಗೈಯಿಂದ ಎಡತೋಳಿನ ಯೂನಿಫಾರ್ಮನ್ನು ಕೆಳಗೆಳೆದು ಸೆನ್ಸರನ್ನು ಮುಚ್ಚಿಕೊಂಡಳು. ಬೇಕೆಂದು ಮಾಡಿದ್ದಲ್ಲ ಅದು, ಕೈ ತಾನಾಗಿ ಹೋಯಿತು. ಅದಕ್ಕೇ ನನಗೆ ಹೆಚ್ಚು ನೋವಾದದ್ದು.

ಮನೆಗೆ ನಡೆಯುವ ದಾರಿಯಲ್ಲಿ ಕೇಳಿಯೇಬಿಟ್ಟೆ. "ಹಂಸಾನೇ ಯಾಕೆ? ನಾನು ಯಾಕಲ್ಲ?" ತಲೆ ಎತ್ತದೆ, "ಅಪ್ಪ ಚೋದಿಕ್ಕುಂ. ಹಂಸಿಕ್ಕ ಒನ್ನುಂ ಚೋದಿಕ್ಕಿಲ್ಲ" ಎಂದಳು. ಅಪ್ಪ ಪ್ರಶ್ನೆ ಕೇಳುತ್ತಾರೆ, ಹಂಸಿಕ್ಕ ಏನೂ ಕೇಳುವುದಿಲ್ಲ. "ಹಿ ಜಸ್ಟ್ ಗಿವ್ಸ್ ಮಿ ಜ್ಯೂಸ್" ಎಂದು ಸೇರಿಸಿದಳು.

ಇಲ್ಲಿಗೆ ಪತ್ರ ನಿಲ್ಲಿಸಿ, ಹದಿಹರೆಯದವರ ಕೈಗೆ ಇಂಥ ಹಕ್ಕು ಕೊಟ್ಟಿದ್ದಕ್ಕೆ ತಮ್ಮನ್ನು ತರಾಟೆಗೆ ತೆಗೆದುಕೊಂಡು ಸಹಿ ಹಾಕಬೇಕೆಂದಿದ್ದೆ. ಮೊದಲ ಕರಡು ಹಾಗೇ ಮುಗಿದಿತ್ತು. ಆದರೆ ಗುಣಮಟ್ಟ ವಿಭಾಗದವನಿಗೆ ಒಂದು ರೋಗವಿರುತ್ತದೆ: ವರದಿಯಲ್ಲಿ ಏನು ಬಿಟ್ಟುಹೋಗಿದೆ ಎಂದು ಹುಡುಕುವುದು. ಈ ವರದಿಯಲ್ಲಿ ಬಿಟ್ಟುಹೋದದ್ದು ಕಳೆದ ಮಾರ್ಚ್ ತಿಂಗಳ ಒಂದು ಫೋನ್ ಕರೆ.

ಅವಳಿಗೆ ವಾರ್ಷಿಕ ಪರೀಕ್ಷೆ ನಡೆಯುತ್ತಿತ್ತು. ಸಂಜೆ ನಾಲ್ಕೂವರೆಯ ಚಹಾಕ್ಕೆ ಇಳಿದು ಲಾಕರ್ ತೆಗೆದಾಗ ಅಂಕಿ ಐವತ್ತೆಂಟಿತ್ತು. ಎಪ್ಪತ್ತರ ಕೆಳಗಿಳಿದರೆ ಅಪಾಯ. ಬಾಣ ಕೆಳಮುಖವಾಗಿತ್ತು. ಫೋನ್ ಮಾಡಿದೆ. ಮೆಟ್ರೋ ಇಳಿದು ಬೇಕರಿಯ ಹತ್ತಿರ ಬಂದಿದ್ದಳು. ಮಧ್ಯಾಹ್ನ ಏನು ತಿಂದೆ ಎಂದು ಕೇಳಿದೆ. ಎಷ್ಟು ಯೂನಿಟ್ ಹಾಕಿಕೊಂಡೆ, ಊಟಕ್ಕೆ ಮುಂಚೆಯೋ ಆಮೇಲೋ, ಮೆಟ್ಟಿಲು ಓಡಿ ಇಳಿದೆಯಾ, ಬೆಳಿಗ್ಗೆ ಇದ್ದದ್ದು ಎಷ್ಟು. ಅವಳ ಉತ್ತರಗಳು ತೊದಲತೊಡಗಿದವು, ನಾನು ಅದನ್ನು ಉದಾಸೀನ ಅಂದುಕೊಂಡೆ. "ಅಪ್ಪಾ, ವೆಚ್ಚೋಟ್ಟೇ?" ಎಂದಳು, ಫೋನ್ ಇಡಲಾ ಎಂದು. "ಇರು, ಒಂದು ನಿಮಿಷ" ಎಂದೆ. ಸ್ವಲ್ಪ ಹೊತ್ತಿನ ಮೇಲೆ ಒಬ್ಬ ಗಂಡಸಿನ ದನಿ ಬಂತು. "ಸಾರ್, ಇವಳು ಇವಾಗ ಮಾತಾಡಲ್ಲ. ಮೊದಲು ಜ್ಯೂಸ್ ಕುಡೀಲಿ." ಕರೆ ಕಡಿದುಹೋಯಿತು. ನನ್ನ ಫೋನಿನ ದಾಖಲೆಯಲ್ಲಿ ಈಗಲೂ ಇದೆ: ಹನ್ನೊಂದು ನಿಮಿಷ ಇಪ್ಪತ್ತು ಸೆಕೆಂಡು. ಕರೆ ಮುಗಿದಾಗ ಅಂಕಿ ನಲವತ್ತಾರು. ಅವನು ಸಕ್ಕರೆ ಹಾಕಿದ ನಿಂಬೆ ಶರಬತ್ತು ಕುಡಿಸಿ ಕಾಲು ಗಂಟೆಯಾದ ಮೇಲೆ ಎಂಬತ್ತೊಂದು.

ಆ ಹನ್ನೊಂದು ನಿಮಿಷದಲ್ಲಿ 'ಮೊದಲು ಏನಾದರೂ ಕುಡಿ' ಎಂದು ನಾನು ಹೇಳಿದೆನೇ? ಹೇಳಿದೆ ಎಂದು ಇಲ್ಲಿಯವರೆಗೂ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ನಿಜವಾಗಿ ನನಗೆ ನೆನಪಿಲ್ಲ. ನಮ್ಮ ವೃತ್ತಿಯಲ್ಲಿ ಮಾಡಿದ ನೆನಪಿಲ್ಲದ ಪರೀಕ್ಷೆಯನ್ನು ಮಾಡಿಲ್ಲ ಎಂದೇ ಬರೆಯಬೇಕು. ಅಂದು ನಾನು ನಿರ್ಮಲಾಳಿಗೆ ಫೋನ್ ಮಾಡಿ ಕೊಟ್ಟ ದೂರು ಮಾತ್ರ ಚೆನ್ನಾಗಿ ನೆನಪಿದೆ: ಯಾರೋ ಒಬ್ಬ ನನ್ನ ಕರೆಯನ್ನು ಕಟ್ ಮಾಡಿದ.

ಅದು ಒಂದು ದಿನದ ತಪ್ಪಲ್ಲ. ನಮ್ಮಲ್ಲಿ ಯಾವುದೇ ಅಳತೆ ಮಿತಿ ಮೀರಿದರೆ ವಿಚಲನೆ ವರದಿ ಬರೆಯಬೇಕು. ಏನಾಯಿತು, ಯಾವಾಗ, ಕಾರಣವೇನು, ಮತ್ತೆ ಆಗದಂತೆ ಏನು ಕ್ರಮ. ಕಾರಣ ಗೊತ್ತಾಗದೆ ವರದಿ ಮುಚ್ಚುವಂತಿಲ್ಲ, ವರದಿ ಮುಚ್ಚದೆ ಆ ಭಾಗ ಹಾರುವಂತಿಲ್ಲ. ಈ ಅಭ್ಯಾಸ ಚರ್ಮಕ್ಕೆ ಅಂಟಿಹೋಗಿದೆ. ತಮ್ಮ ಆ್ಯಪು ಎರಡು ವರ್ಷ ನನಗೆ ದಿನಕ್ಕೆ ಇನ್ನೂರ ಎಂಬತ್ತೆಂಟು ಅಂಕಿಗಳನ್ನು ಕೊಟ್ಟಿತು. ನಾನು ಕಂಪ್ಯೂಟರಿನಲ್ಲಿ ಒಂದು ಹಾಳೆ ಮಾಡಿ, ಮಿತಿ ಮೀರಿದ ಪ್ರತಿಯೊಂದು ಅಂಕಿಯ ಎದುರು ಕಾರಣದ ಒಂದು ಕಾಲಂ ಇಟ್ಟು, ಮಗಳೊಂದಿಗೆ ಹಂಚಿಕೊಂಡಿದ್ದೆ. ಶುಕ್ರವಾರದೊಳಗೆ ಅವಳು ತುಂಬಬೇಕು. ಶನಿವಾರ ಬೆಳಿಗ್ಗೆ ಕಾಫಿ ಆದ ಮೇಲೆ ಊಟದ ಮೇಜಿನ ಮೇಲೆ ಪರಿಶೀಲನಾ ಸಭೆ. ವಾರಕ್ಕೆ ಎರಡು ದಿನ ಮಾತ್ರ ಮಗಳನ್ನು ನೋಡುವ ತಂದೆ ಮೊದಲ ಒಂದು ಗಂಟೆಯನ್ನು ಹೀಗೆ ಕಳೆಯುತ್ತಿದ್ದ. ಮೊದಮೊದಲು ಅವಳು ಶ್ರದ್ಧೆಯಿಂದ ಬರೆದಳು. ಬರಬರುತ್ತಾ ಕಾಲಂನಲ್ಲಿ ಇಂಗ್ಲಿಷಿನಲ್ಲಿ 'ಗೊತ್ತಿಲ್ಲ' ಎಂದು ಕಾಣಿಸತೊಡಗಿತು. ಏಪ್ರಿಲ್ ಹೊತ್ತಿಗೆ ಹತ್ತೊಂಬತ್ತು 'ಗೊತ್ತಿಲ್ಲ'ಗಳು ಸೇರಿದ್ದವು. ಗೊತ್ತಿಲ್ಲ ಎಂಬುದು ಕಾರಣವಲ್ಲ ಎಂದು ನಾನು ಕೆಂಪು ಬಣ್ಣದಲ್ಲಿ ಬರೆದು ಹತ್ತೊಂಬತ್ತನ್ನೂ ವಾಪಸು ಕಳಿಸಿದೆ.

ಬೇಕರಿಯಿಂದ ಬಂದ ಮರುದಿನ ಆ ಹಾಳೆಯನ್ನು ನಿರ್ಮಲಾಳ ಮುಂದೆ ಹಿಡಿದೆ. ನಾನು ಎಷ್ಟು ಕಾಳಜಿ ತೋರಿಸಿದ್ದೆ, ಪ್ರತಿಫಲ ನೋಡು ಎಂಬುದು ನನ್ನ ವಾದ. ಅವಳು ಕನ್ನಡಕ ಹಾಕಿಕೊಂಡು ಬೆರಳಲ್ಲಿ ಒಂದೊಂದೇ ದಿನಾಂಕ ತೋರಿಸುತ್ತಾ ಹೋದಳು.

"ಇದು, ಇದು, ಇದು. ನೋಡಿ, ಎಲ್ಲಾ ಒಂದು ತಿಂಗಳ ಅಂತರ. ಇನ್ನೂ ಗೊತ್ತಾಗ್ಲಿಲ್ವಾ? ಆ ದಿನಗಳಲ್ಲಿ ಹೆಣ್ಣುಮಕ್ಕಳಿಗೆ ಸಕ್ಕರೆ ಏರುತ್ತೆ ಕಣ್ರೀ. ಡಾಕ್ಟರು ಅವಳಿಗೆ ಹೇಳಿದಾರೆ, ನನಗೆ ಹೇಳಿದಾರೆ. ಅಪ್ಪ ಕೆಂಪು ಪೆನ್ನು ಹಿಡ್ಕೊಂಡು ಕೂತಿರೋ ಶೀಟಲ್ಲಿ ಅದನ್ನ ಬರೀತಾಳಾ ಅವಳು?"

ಅವಳು ಕನ್ನಡಕ ತೆಗೆದಳು. "ಉಳಿದವು ಅವಳಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ನಿಮ್ಮ ಹತ್ರ ಇರೋದು ಮಗು, ರಾಕೆಟ್ ಅಲ್ಲ. ಯಾರಿಗೂ ಕಾರಣ ಹೇಳದೆ ಇರೋ ಒಂದು ಜಾಗ ಅವಳಿಗೆ ಬೇಕಿತ್ತು, ಸಿಕ್ತು, ಬಿಡಿ."

ಈ ಮಾತುಗಳನ್ನು ಪತ್ರಿಕೆಯಲ್ಲಿ ಬರೆಯಬಹುದೇ ಎಂದು ಅವಳನ್ನೇ ಕೇಳಿದೆ. ಸ್ವಲ್ಪ ಯೋಚಿಸಿ, ಬರೆಯಿರಿ, ಬೇರೆ ಅಪ್ಪಂದಿರೂ ಓದಲಿ, ಹೆಸರು ಮಾತ್ರ ಬದಲಿಸಿ ಎಂದಳು.

ಹಾಗಾದರೆ ನನ್ನ ದೂರು ಮುಗಿಯಿತೇ? ಮುಗಿದಿಲ್ಲ. ತಪ್ಪು ನನ್ನದು ಎಂದು ಒಪ್ಪಿದ ಮಾತ್ರಕ್ಕೆ ಹೊಟ್ಟೆಕಿಚ್ಚು ಆರುತ್ತದೆ ಎಂದು ಯಾರಾದರೂ ತಮಗೆ ಹೇಳಿದ್ದರೆ ಅವರಿಗೆ ಮಕ್ಕಳಿಲ್ಲ. ನನಗೆ ಈಗಲೂ ಹಂಸಾನನ್ನು ಕಂಡರೆ ಆಗುವುದಿಲ್ಲ. ನನ್ನ ಮಗಳನ್ನು ಉಳಿಸಿದವನನ್ನು ಕಂಡರೆ ಆಗುವುದಿಲ್ಲ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇನೆ. ಅವನ ಶರಬತ್ತಿನ ಮೇಲೆ, ವಿಶ್ವಾಸನ ದೋಸೆಯ ಮೇಲೆ, ಸಂಜೆ ಮನೆಗೆ ಹೋಗಿ ಮಗಳ ಮುಖ ನೋಡಿಯೇ ಅಂಕಿ ಹೇಳಬಲ್ಲ ನಿರ್ಮಲಾಳ ಮೇಲೆ, ಹದಿನಾಲ್ಕು ದಿನ ಅವಳ ತೋಳಿನ ಮೇಲಿದ್ದು ಆಮೇಲೆ ಕಸದ ಬುಟ್ಟಿ ಸೇರುವ ತಮ್ಮ ಪ್ಲಾಸ್ಟಿಕ್ ಬಿಲ್ಲೆಯ ಮೇಲೆ, ಎಲ್ಲದರ ಮೇಲೂ ಕರುಬುತ್ತೇನೆ. ಈಗಲೂ ಗಂಟೆಗೊಮ್ಮೆ ಮೂರು ಮಹಡಿ ಇಳಿಯುತ್ತೇನೆ. ಲಾಕರ್ ತೆಗೆದು ಫೋನ್ ನೋಡುತ್ತೇನೆ. ಅಲ್ಲಿ ಏನೂ ಇರುವುದಿಲ್ಲ, ಮತ್ತೆ ಹತ್ತುತ್ತೇನೆ. ಕಾವಲಿನವರು ಏನೂ ಕೇಳುವುದಿಲ್ಲ, ಪಾಪ.

ತಮ್ಮ ಸುತ್ತೋಲೆಯನ್ನು ರದ್ದು ಮಾಡಿ ಎಂದು ನಾನು ಕೇಳುತ್ತಿಲ್ಲ. ಮೂರು ಇಮೇಲಿನಲ್ಲಿ ಕೇಳಿದ್ದೆ, ಅವನ್ನು ಇಲ್ಲಿ ಹಿಂತೆಗೆದುಕೊಳ್ಳುತ್ತೇನೆ. ಆದರೆ ತಮ್ಮ ವ್ಯವಸ್ಥೆಯಲ್ಲಿ ನಿಜವಾಗಿಯೂ ಒಂದು ಕೊರತೆ ಇದೆ, ಅದನ್ನು ವೃತ್ತಿಪರನಾಗಿ ಹೇಳುತ್ತೇನೆ. ತಾವು ಇಟ್ಟಿರುವುದು ಎರಡೇ ದಾರಿ. ಒಂದೋ ಎಲ್ಲ ಅಂಕಿಗಳನ್ನೂ ನೋಡುವ ಹಕ್ಕು, ಇಲ್ಲವೇ ಪೂರ್ತಿ ಕತ್ತಲೆ. ಎಲ್ಲ ಕೊಟ್ಟರೆ ನನ್ನಂಥವನು ಹಾಳೆ ಮಾಡುತ್ತಾನೆ. ಏನೂ ಕೊಡದಿದ್ದರೆ ಬೇಕರಿಯಲ್ಲಿ ಕತ್ತು ತಿರುಚುತ್ತಾನೆ. ವರ್ಗಾವಣೆಯಿಂದ ಬೇರೆ ಊರಲ್ಲಿರುವ, ಕೊಲ್ಲಿ ದೇಶಗಳಲ್ಲಿರುವ, ಹಡಗಿನಲ್ಲಿರುವ ಅಪ್ಪಂದಿರು ಈ ರಾಜ್ಯದಲ್ಲಿ ನಾನೊಬ್ಬನೇ ಅಲ್ಲ. ನಮ್ಮಲ್ಲಿ ಕೆಲವರು ಒಳ್ಳೆಯ ಜೊತೆಗಾರರಲ್ಲ ಎಂದು ಮಕ್ಕಳು ತೀರ್ಮಾನಿಸಿದ್ದರೆ ಅದು ಸರಿಯೇ ಇರಬಹುದು. ಜೊತೆಗಾರರಾಗಲು ಬಾರದ ಅಪ್ಪಂದಿರಿಗೂ ಸಂಜೆಯಾಗುತ್ತದಲ್ಲ?

ಆದ್ದರಿಂದ ನನ್ನ ಬೇಡಿಕೆ ಇಷ್ಟು. ತಮ್ಮ ಆ್ಯಪಿನಲ್ಲಿ ಮೂರನೆಯ ಒಂದು ಜಾಗ ಮಾಡಿ. ಅದಕ್ಕೆ ಅಂಕಿ ಬೇಡ, ಬಾಣ ಬೇಡ, ಗಂಟೆ ಬೇಡ. ದಿನಕ್ಕೊಮ್ಮೆ, ಸಂಜೆ ಆರಕ್ಕೆ, ಒಂದು ಸಾಲು ಬಂದರೆ ಸಾಕು: ಚೆನ್ನಾಗಿದ್ದಾಳೆ. ಅದನ್ನೂ ನನ್ನ ಮಗಳು ಒಪ್ಪಿದರೆ ಮಾತ್ರ ಕಳಿಸಿ. ಒಪ್ಪಿಗೆಯನ್ನು ತಮ್ಮ ಕಚೇರಿಯೇ ಅವಳಲ್ಲಿ ಕೇಳಬೇಕೆಂದು ಪ್ರಾರ್ಥನೆ, ಏಕೆಂದರೆ ನಾನು ಕೇಳಿದರೆ ಅವಳ ಪಾಲಿಗೆ ಅದು ಇನ್ನೊಂದು ಪ್ರಶ್ನೆಯಾಗುತ್ತದೆ. ಅವಳು ಬೇಡ ಎಂದು ಒತ್ತಿದರೆ ಅಲ್ಲಿಗೇ ಬಿಟ್ಟುಬಿಡಿ. ಯಾಕೆ ಎಂದು ದಯವಿಟ್ಟು ಅವಳನ್ನು ಕೇಳಬೇಡಿ.

ಇಂತಿ,
ಸದ್ಯಕ್ಕೆ ಯಾವ ಪಟ್ಟಿಯಲ್ಲೂ ಇಲ್ಲದ,
ದಿನಕರ (ಎಂದಿಟ್ಟುಕೊಳ್ಳಿ)
ತಿರುವನಂತಪುರ; ಶನಿವಾರ, ಭಾನುವಾರ ಮಾತ್ರ ಆಲುವ